ಬೀಗದ ಕೈ ಹುಡುಕಬೇಡಿ, ಎದೆ ಒತ್ತಿ

ಕೇಳುಗರಿಗೆ ನಮಸ್ಕಾರ.

ಕೋಲಾರದ ಟೊಮೆಟೊ ಮಂಡಿಯಲ್ಲಿ ಕ್ರೇಟು ಇಳಿಸುತ್ತಿದ್ದ ಹಮಾಲಿಯೊಬ್ಬ ದಿಢೀರನೆ ಕುಸಿದ ಅಂದುಕೊಳ್ಳಿ. ಕೈಕಾಲು ಒಂದೆರಡು ಸಲ ಅದುರುತ್ತವೆ, ಗಂಟಲಲ್ಲಿ ಗೊರಗೊರ ಸದ್ದು. ಫಿಟ್ಸ್ ಅಂತ ಯಾರೋ ಅಂಗೈಗೆ ಬೀಗದ ಕೈ ಗೊಂಚಲು ತುರುಕುತ್ತಾರೆ, ಇನ್ಯಾರೋ ನೀರು ಚಿಮುಕಿಸುತ್ತಾರೆ. ಹೃದಯ ರಕ್ತ ಪಂಪು ಮಾಡುವುದು ನಿಂತಾಗಲೂ ಹೀಗೇ ಆಗುತ್ತದೆ. ಆ ಗೊರಗೊರ ಉಸಿರಾಟವಲ್ಲ. ಭುಜ ತಟ್ಟಿ ಕರೆದರೂ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಎದೆ ಒತ್ತಲು ಅಷ್ಟೇ ಸಾಕು. ನಾಡಿ ಹುಡುಕುತ್ತಾ ಕೂರಬೇಡಿ.

ಒಬ್ಬರು 108ಕ್ಕೆ ಫೋನು ಮಾಡಲಿ, ಒಬ್ಬರು ಎಇಡಿ, ಅಂದರೆ ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಯಂತ್ರದ ಪೆಟ್ಟಿಗೆ ತರಲು ಓಡಲಿ. ಮೂರನೆಯವರು ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಎರಡೂ ಕೈ ಊರಿ 5ರಿಂದ 6 ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಲಿ.

ಎಇಡಿ ನಿಂತ ಹೃದಯವನ್ನು ಓಡಿಸುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ತಾಳ ತಪ್ಪಿ ಸುಮ್ಮನೆ ನಡುಗುತ್ತಿರುವ ಹೃದಯವನ್ನು ಅದು ಒಂದು ಕ್ಷಣ ತಟಸ್ಥಗೊಳಿಸುತ್ತದೆ. ಆಮೇಲೆ ಹೃದಯ ತಾನೇ ತಾಳ ಹಿಡಿಯಬೇಕು. ಆ ನಡುಕವೂ ಇಲ್ಲದೆ ಹೃದಯ ಪೂರ್ತಿ ನಿಂತಿದ್ದರೆ ನೀವು ಗುಂಡಿ ಒತ್ತಿದರೂ ಅದು ಶಾಕ್ ಕೊಡುವುದಿಲ್ಲ. ಹಾಗಾಗಿ ‘ಶಾಕ್ ಬೇಡ’ ಅಂತ ಯಂತ್ರ ಹೇಳಿದರೆ ಆಸಾಮಿ ಬದುಕಿದ ಅಂತ ಅರ್ಥವಲ್ಲ. ಒತ್ತುತ್ತಲೇ ಇರಿ.

ಕೆಲಸ ಕೆಡುವುದು ಹೆಚ್ಚಾಗಿ ಪ್ಯಾಡ್, ಅಂದರೆ ಶಾಕ್ ಹಾಯಿಸುವ ಎರಡು ಅಂಟುಪಟ್ಟಿ, ಎದೆಗೆ ಅಂಟಿಸುವಾಗ. ಒಂದು ಬಲಗಡೆ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಪಕ್ಕೆಯ ಮೇಲೆ. ಮೂಟೆ ಹೊತ್ತ ಎದೆಯಲ್ಲಿ ಬೆವರು ಹರಿಯುತ್ತಿರುತ್ತದೆ. ಅವನ ಹೆಗಲ ಟವೆಲಿನಿಂದಲೇ ಒರೆಸಿ. ದಟ್ಟ ಕೂದಲಿದ್ದರೆ ಪ್ಯಾಡು ಮೇಲೆಯೇ ನಿಲ್ಲುತ್ತದೆ, ಅಲ್ಲಿಷ್ಟು ಬೋಳಿಸಿ. ತಾಯಿತ, ಸರ ಪಕ್ಕಕ್ಕೆ ಸರಿಸಿ. ಬಿದ್ದವರು ಹೆಂಗಸಾದರೆ ರವಿಕೆ ಕತ್ತರಿಸಲು ಜನ ಹಿಂಜರಿಯುತ್ತಾರೆ. ನಾಲ್ಕು ಜನ ಬೆನ್ನು ತಿರುಗಿಸಿ ಸೀರೆ ಅಡ್ಡ ಹಿಡಿದರೆ ಮರ್ಯಾದೆಯೂ ಉಳಿಯುತ್ತದೆ, ಜೀವವೂ ಉಳಿದೀತು.

ಶಾಕ್ ಕೊಡುವಾಗ ಯಾರೂ ಮೈ ಮುಟ್ಟಬಾರದು. ಕೊಟ್ಟ ಕೂಡಲೇ ಮತ್ತೆ ಎದೆ ಒತ್ತಿ. 2 ನಿಮಿಷಕ್ಕೊಮ್ಮೆ ಯಂತ್ರವೇ ತಪಾಸಣೆ ಮಾಡಿಕೊಳ್ಳುತ್ತದೆ. ಪ್ಯಾಡ್ ಕೀಳಬೇಡಿ.

ಇನ್ನು ಪೆಟ್ಟಿಗೆ ಇಡುವ ಜಾಗ. ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಹೀಗಿರುವಾಗ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಜಡಿದು, ಬೀಗದ ಕೈ ಊಟಕ್ಕೆ ಹೋದ ಗುಮಾಸ್ತರ ಜೇಬಿನಲ್ಲಿದ್ದರೆ ಏನು ಬಂತು? ತಗಡಿನ ಶೆಡ್ಡಿನ ಬಿಸಿಲಿಗೂ ಇಡಬೇಡಿ, ಪ್ಯಾಡಿನ ಅಂಟು ಒಣಗುತ್ತದೆ. ತಿಂಗಳಿಗೊಮ್ಮೆ ಸುಸ್ಥಿತಿ ತೋರಿಸುವ ದೀಪವನ್ನೂ ಪ್ಯಾಡಿನ ಅವಧಿಯ ತಾರೀಖನ್ನೂ ನೋಡಿ. ಜೊತೆಗೆ ಕತ್ತರಿ, ರೇಜರ್, ಒಣಬಟ್ಟೆ ಪೆಟ್ಟಿಗೆಯಲ್ಲೇ ಇರಲಿ.