ಬಾಕೆನ್ ತೈಲ ಸುಗ್ಗಿ: ಬಾವಿ ಮೊದಲು, ಕೊಳವೆ ಆಮೇಲೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಉತ್ತರದ ಅಂಚಿನಲ್ಲಿ, ಕೆನಡಾ ಗಡಿಗೆ ತಾಗಿಕೊಂಡು ನಾರ್ತ್ ಡಕೋಟಾ ರಾಜ್ಯವಿದೆ. ಗೋಧಿ ಬೆಳೆಯುವ, ದನ ಮೇಯಿಸುವ ಬಯಲು ಸೀಮೆ. ಜನಸಂಖ್ಯೆ ಎಂಟು ಲಕ್ಷದ ಒಳಗೆ. 2005ರ ಸುಮಾರಿಗೆ ಅಲ್ಲಿ ದಿನಕ್ಕೆ ಒಂದು ಲಕ್ಷ ಬ್ಯಾರೆಲ್ ಆಸುಪಾಸಿನಲ್ಲಿ ಕಚ್ಚಾ ತೈಲ ಸಿಗುತ್ತಿತ್ತು. ಒಂದು ಬ್ಯಾರೆಲ್ ಅಂದರೆ 159 ಲೀಟರ್. 2012ರಲ್ಲಿ ಆ ರಾಜ್ಯ ಅಲಾಸ್ಕಾವನ್ನು ಹಿಂದೆ ಹಾಕಿ, ತೈಲ ಉತ್ಪಾದನೆಯಲ್ಲಿ ಟೆಕ್ಸಸ್ ನಂತರದ ಸ್ಥಾನಕ್ಕೆ ಬಂತು. 2014ರಲ್ಲಿ ಉತ್ಪಾದನೆ ದಿನಕ್ಕೆ ಹತ್ತು ಲಕ್ಷ ಬ್ಯಾರೆಲ್ ದಾಟಿತು, 2019ರ ಕೊನೆಗೆ ಹದಿನೈದು ಲಕ್ಷ ಮುಟ್ಟಿತು.

ಈ ಸುಗ್ಗಿ ತಂದ ಹಣವೂ ನಿಜ, ಮಾಡಿದ ಹಾನಿಯೂ ನಿಜ. ಆದರೆ ಹಾನಿಯ ಲೆಕ್ಕವನ್ನು ಬಿಡಿಸಿ ನೋಡಿದರೆ, ಅದರ ದೊಡ್ಡ ಪಾಲು ಕೆಲಸಗಳ ಸರದಿ ತಪ್ಪಿದ್ದರಿಂದ ಬಂದದ್ದು ಎಂದು ಗೊತ್ತಾಗುತ್ತದೆ. ಬಾವಿಗಳು ಮೊದಲು ಬಂದವು. ಅನಿಲದ ಕೊಳವೆ, ಉಪ್ಪುನೀರಿನ ಮೇಲ್ವಿಚಾರಣೆ, ರಸ್ತೆ, ಮನೆ, ನಿಯಮ ಎಲ್ಲವೂ ಅವುಗಳ ಹಿಂದೆ ಏದುಸಿರು ಬಿಡುತ್ತ ಓಡಿದವು.

ಅಲ್ಲಿ ತೈಲ ಇದೆ ಎಂಬುದು ಹೊಸ ಸಂಗತಿಯಲ್ಲ. 1951ರ ಏಪ್ರಿಲ್‌ನಲ್ಲೇ ಟಿಯೋಗ ಊರಿನ ಹತ್ತಿರ ಮೊದಲ ಬಾವಿಯಲ್ಲಿ ತೈಲ ಸಿಕ್ಕಿತ್ತು. ಬಾಕೆನ್ ಎನ್ನುವುದು ಸುಮಾರು ಮೂರು ಕಿಲೋಮೀಟರ್ ಆಳದ ಒಂದು ಶಿಲಾಪದರ. ಆ ಸೀಮೆಯ ರೈತ ಹೆನ್ರಿ ಬಾಕೆನ್ ಹೆಸರು ಅದಕ್ಕೆ ನಿಂತಿದೆ. ಮೇಲೊಂದು, ಕೆಳಗೊಂದು ಕಪ್ಪು ಜೇಡಿಶಿಲೆ. ನಡುವೆ ಬಿಗಿಯಾದ ಇನ್ನೊಂದು ಪದರ. ತೈಲ ಈ ನಡುವಿನ ಪದರದಲ್ಲಿ ಸಿಕ್ಕಿಕೊಂಡಿದೆ, ತಾನಾಗಿ ಹರಿದು ಬರುವುದಿಲ್ಲ. ಹಾಗಾಗಿ ಮೂರು ಕಿಲೋಮೀಟರ್ ನೇರ ಕೊರೆದು, ಬೈರಿಗೆಯನ್ನು ಅಡ್ಡಕ್ಕೆ ತಿರುಗಿಸಿ, ಪದರದೊಳಗೇ ಮತ್ತೆ ಮೂರು ಕಿಲೋಮೀಟರ್ ಕೊರೆಯುತ್ತಾರೆ. ಆಮೇಲೆ ಆ ಅಡ್ಡ ಭಾಗವನ್ನು ಮೂವತ್ತು ನಲವತ್ತು ತುಂಡಾಗಿ ವಿಂಗಡಿಸಿ, ಒಂದೊಂದಕ್ಕೂ ಭಾರಿ ಒತ್ತಡದಲ್ಲಿ ನೀರು, ಮರಳು, ಸ್ವಲ್ಪ ರಾಸಾಯನಿಕ ನುಗ್ಗಿಸಿ ಬಂಡೆಯಲ್ಲಿ ಬಿರುಕು ಬಿಡಿಸುತ್ತಾರೆ. ಮರಳಿನ ಕಾಳುಗಳು ಬಿರುಕು ಮುಚ್ಚದಂತೆ ತಡೆದು ನಿಲ್ಲುತ್ತವೆ. ಆರಂಭದ ಬಾವಿಗಳಿಗೆ ಎಂಬತ್ತು ಲಕ್ಷ ಲೀಟರ್ ಆಸುಪಾಸಿನ ನೀರು ಸಾಕಾಗುತ್ತಿತ್ತು. ಈಚಿನವಕ್ಕೆ ಎರಡು ಕೋಟಿ ಲೀಟರ್ ಮೀರುತ್ತದೆ.

ಇಂಥ ಬಾವಿಯ ಒಂದು ಗುಣವನ್ನು ಗಮನದಲ್ಲಿಡಬೇಕು. ಮೊದಲ ವರ್ಷದಲ್ಲೇ ಅದರ ಇಳುವರಿ ಸುಮಾರು ಮೂರರಲ್ಲಿ ಎರಡು ಪಾಲು ಕುಸಿಯುತ್ತದೆ. ಉತ್ಪಾದನೆ ಇದ್ದಲ್ಲೇ ಇರಬೇಕಾದರೂ ಹೊಸ ಬಾವಿ ಕೊರೆಯುತ್ತಲೇ ಇರಬೇಕು. ಉದ್ಯೋಗ ಹೆಚ್ಚಾಗಿ ಇರುವುದು ಕೊರೆಯುವಲ್ಲಿ, ಬಿರುಕು ಬಿಡಿಸುವಲ್ಲಿ, ಸಾಗಿಸುವಲ್ಲಿ; ಕೊರೆದು ಮುಗಿದ ಬಾವಿಯನ್ನು ನೋಡಿಕೊಳ್ಳಲು ಕೆಲವೇ ಜನ ಸಾಕು. ಕೊರೆತ ನಿಂತ ತಿಂಗಳಲ್ಲೇ ಸಂಬಳವೂ ನಿಲ್ಲುತ್ತದೆ.

ಈಗ ಲಾಭದ ಮಾತು. ಇಡೀ ಅಮೆರಿಕದಲ್ಲಿ 2009ರ ಆರ್ಥಿಕ ಕುಸಿತದ ನಂತರ ನೂರಕ್ಕೆ ಒಂಬತ್ತು ಹತ್ತು ಜನ ಕೆಲಸ ಹುಡುಕುತ್ತಿದ್ದಾಗ, ನಾರ್ತ್ ಡಕೋಟಾದಲ್ಲಿ ಆ ಪ್ರಮಾಣ ಮೂರು ನಾಲ್ಕರ ಹತ್ತಿರ ಇತ್ತು. ಜಮೀನಿನ ಅಡಿಯ ಖನಿಜದ ಹಕ್ಕು ಉಳ್ಳವರಿಗೆ ರಾಯಧನ ಬಂತು. ಅದರ ಲೆಕ್ಕ ಹೀಗೆ. ಒಂದು ಬಾವಿಗೆ ಸಾಮಾನ್ಯವಾಗಿ 1280 ಎಕರೆಯ ಘಟಕ. ಅದರಲ್ಲಿ ನಿಮಗೆ 160 ಎಕರೆಯ ಹಕ್ಕಿದ್ದರೆ ನಿಮ್ಮದು ಎಂಟನೇ ಒಂದು ಪಾಲು. ಒಪ್ಪಂದದಲ್ಲಿ ರಾಯಧನ ಆರನೇ ಒಂದು ಎಂದಿದ್ದರೆ, ಒಟ್ಟು ಮಾರಾಟದ ನಲವತ್ತೆಂಟನೇ ಒಂದು ಭಾಗ ನಿಮಗೆ. ಬಾವಿ ದಿನಕ್ಕೆ 500 ಬ್ಯಾರೆಲ್ ಕೊಟ್ಟು, ಬ್ಯಾರೆಲ್‌ಗೆ 90 ಡಾಲರ್ ಇದ್ದರೆ, ತೆರಿಗೆಗೆ ಮುಂಚೆ ದಿನಕ್ಕೆ 900 ಡಾಲರ್‌ಗೂ ಹೆಚ್ಚು. ವರ್ಷ ಕಳೆದ ಮೇಲೆ ಬೆಲೆ ಅಷ್ಟೇ ಇದ್ದರೂ ಅದು 300ರ ಸುಮಾರಿಗೆ ಇಳಿಯುತ್ತದೆ. ಮೊದಲ ವರ್ಷದ ಚೆಕ್ ನೋಡಿ ಸಾಲ ಎತ್ತಿದವರು ಎಡವುವುದು ಇಲ್ಲೇ.

ಹಕ್ಕು ಎಲ್ಲರಿಗೂ ಇರಲಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿನ ಕಾನೂನಿನಲ್ಲಿ ಮೇಲಿನ ಮಣ್ಣು ಒಬ್ಬರದು, ಕೆಳಗಿನ ಖನಿಜ ಇನ್ನೊಬ್ಬರದು ಆಗಬಹುದು. ಹಿಂದೆ ಯಾರೋ ಜಮೀನು ಮಾರುವಾಗ ಖನಿಜದ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಂಡಿದ್ದರೆ, ಇಂದು ಉಳುವವರಿಗೆ ಸಿಗುವುದು ಮೇಲ್ಮೈ ನಷ್ಟದ ಪರಿಹಾರ ಮಾತ್ರ. ಹೊಲದ ನಡುವೆ ಜಲ್ಲಿ ಹಾಸಿದ ಬಾವಿಕಟ್ಟೆ, ಲಾರಿ, ಧೂಳು ಅವರ ಪಾಲಿಗೆ. ರಾಯಧನ ದೂರದ ಊರಿನಲ್ಲಿರುವ ಇನ್ಯಾರ ಪಾಲಿಗೋ.

ರಾಜ್ಯ ಸರ್ಕಾರ ಶೇಕಡ 5 ಉತ್ಪಾದನಾ ತೆರಿಗೆ, ಶೇಕಡ 6.5 ತೈಲ ತೆಗೆಯುವ ತೆರಿಗೆ ಹಾಕುತ್ತಿತ್ತು. ಎರಡನೆಯದನ್ನು 2016ರಿಂದ ಶೇಕಡ 5ಕ್ಕೆ ಇಳಿಸಿತು. 2010ರ ಮತದಾನದಲ್ಲಿ ಜನರೇ ಸಂವಿಧಾನ ತಿದ್ದುಪಡಿಗೆ ಒಪ್ಪಿ, ಲೆಗಸಿ ಫಂಡ್ ಎಂಬ ನಿಧಿ ಹುಟ್ಟಿತು. 2011ರ ಜುಲೈಯಿಂದ ತೈಲ ತೆರಿಗೆಯ ಶೇಕಡ 30 ಅದಕ್ಕೆ ಹೋಗುತ್ತದೆ, 2017ರವರೆಗೆ ಒಂದು ಡಾಲರನ್ನೂ ಮುಟ್ಟುವಂತಿರಲಿಲ್ಲ. ಇಂದು ಅದರಲ್ಲಿ ಸಾವಿರ ಕೋಟಿ ಡಾಲರ್‌ಗೂ ಹೆಚ್ಚಿದೆ. ಇಡೀ ಸುಗ್ಗಿಯಲ್ಲಿ ಸರಿಯಾದ ಹೊತ್ತಿಗೆ ಆದ ಕೆಲಸ ಎಂದು ನಾನು ಎಣಿಸುವುದು ಇದೊಂದನ್ನೇ.

ಊರುಗಳಿಗೆ ಅಂಥ ಹೊತ್ತು ಸಿಗಲಿಲ್ಲ. ವಿಲ್ಲಿಸ್ಟನ್ ಪಟ್ಟಣದಲ್ಲಿ 2010ರ ಜನಗಣತಿಯಲ್ಲಿ 14,716 ಜನ, 2020ರಲ್ಲಿ 29,160. ಸುಗ್ಗಿಯ ಉತ್ತುಂಗದಲ್ಲಿ ಸಣ್ಣ ಮನೆಯ ಬಾಡಿಗೆ ತಿಂಗಳಿಗೆ 2000 ಡಾಲರ್ ದಾಟಿತು. ನಿವೃತ್ತರು, ಶಿಕ್ಷಕರು ಊರು ಬಿಟ್ಟರು. ಒಂದು ಬಾವಿಗೆ ನೀರು, ಮರಳು, ಕೊಳವೆ, ಉಪಕರಣ ಸಾಗಿಸಲು ಸುಮಾರು 2000 ಲಾರಿ ಓಡಾಟ ಬೇಕು; ಹೊಲದ ರಸ್ತೆಗಳು ಅದಕ್ಕೆ ಕಟ್ಟಿದವಲ್ಲ. ಕೆಲವು ಕಡೆ ರಸ್ತೆಗೆ ಹಾಕಿದ ಸ್ಥಳೀಯ ಜಲ್ಲಿಯಲ್ಲಿ ಎರಿಯೊನೈಟ್ ಎಂಬ ನಾರಿನಂಥ ಖನಿಜವಿತ್ತು. ಕಲ್ನಾರಿನ ಹಾಗೆ ಶ್ವಾಸಕೋಶಕ್ಕೆ ಕೇಡು ಮಾಡುವ ಅದು ಲಾರಿಗಳ ಧೂಳಿನ ಜೊತೆ ಗಾಳಿಗೆ ಏರಿತು. ಪಶ್ಚಿಮದ ರಸ್ತೆ ಮತ್ತು ಊರುಗಳಿಗಾಗಿ 110 ಕೋಟಿ ಡಾಲರ್‌ನ ತುರ್ತು ಕಾಯ್ದೆಗೆ ಸಹಿ ಬಿದ್ದದ್ದು 2015ರ ಫೆಬ್ರವರಿಯಲ್ಲಿ, ತೈಲದ ಬೆಲೆ ಆಗಲೇ ಅರ್ಧಕ್ಕೆ ಬಿದ್ದ ಮೇಲೆ. ದುಡಿಯುವವರು ಜೀವವನ್ನೇ ಬೆಲೆಯಾಗಿ ತೆತ್ತದ್ದೂ ಉಂಟು: 2012ರಲ್ಲಿ ರಾಜ್ಯದಲ್ಲಿ ಲಕ್ಷ ಕೆಲಸಗಾರರಿಗೆ 17.7 ಸಾವು; ಇಡೀ ದೇಶದ ಸರಾಸರಿ 3.4.

ಇನ್ನು ಅನಿಲ. ತೈಲದ ಜೊತೆ ಬಾವಿಯಿಂದ ನೈಸರ್ಗಿಕ ಅನಿಲವೂ ಬರುತ್ತದೆ. ತೈಲವನ್ನು ತೊಟ್ಟಿಗೆ ತುಂಬಿಸಿ ಲಾರಿಯಲ್ಲಿ ಒಯ್ಯಬಹುದು. ಅನಿಲಕ್ಕೆ ಕೊಳವೆಯೇ ಬೇಕು. ಕೊಳವೆಗೆ ಪ್ರತಿ ಜಮೀನುದಾರನ ಒಪ್ಪಿಗೆ, ಒತ್ತಡ ಏರಿಸುವ ಕಂಪ್ರೆಸರ್, ಕೊನೆಯಲ್ಲಿ ಶುದ್ಧೀಕರಿಸುವ ಸ್ಥಾವರ ಬೇಕು. ಹಿಮಗಾಲದಲ್ಲಿ ನೆಲ ಕಲ್ಲಾಗಿ ಕಾಲುವೆ ತೋಡುವುದು ನಿಲ್ಲುತ್ತದೆ. ಬಾವಿ ಕೆಲವೇ ವಾರಗಳಲ್ಲಿ ಸಿದ್ಧ, ಕೊಳವೆಗೆ ವರ್ಷ ಬೇಕು. ಅಷ್ಟರಲ್ಲಿ ಆ ಅನಿಲವನ್ನು ಬಾವಿಯ ಬಳಿಯೇ ಸುಟ್ಟರು. 2011ರಿಂದ 2014ರವರೆಗೆ ರಾಜ್ಯದಲ್ಲಿ ಸಿಕ್ಕ ಅನಿಲದ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೀಗೆ ಉರಿದುಹೋಯಿತು. ಉಪಗ್ರಹದ ರಾತ್ರಿ ಚಿತ್ರದಲ್ಲಿ ಆ ಬಯಲು ಮಹಾನಗರದಂತೆ ಹೊಳೆಯುತ್ತಿತ್ತು.

ಸುಡುವುದರಿಂದ ಇಂಗಾಲದ ಡೈಆಕ್ಸೈಡ್ ಬರುತ್ತದೆ; ಗಾಳಿಗೆ ಜ್ವಾಲೆ ಓಲಾಡಿದರೆ, ಆರಿದರೆ, ಅನಿಲದ ಮುಖ್ಯ ಅಂಶವಾದ ಮೀಥೇನ್ ಸುಡದೆ ಹಾಗೇ ಹೋಗುತ್ತದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ನೈಸರ್ಗಿಕ ಅನಿಲದ ಇನ್ನೊಂದು ಅಂಶವಾದ, ಇಡೀ ಜಗತ್ತು ಗಾಳಿಗೆ ಬಿಡುವ ಈಥೇನ್‌ನಲ್ಲಿ ಶೇಕಡ 2ರಷ್ಟು ಬಾಕೆನ್ ಪ್ರದೇಶದಿಂದಲೇ ಹೋಗುತ್ತಿತ್ತು. ಸುಟ್ಟ ಅನಿಲದ ಮೇಲೆ ರಾಯಧನವಾಗಲಿ ತೆರಿಗೆಯಾಗಲಿ ಬಹುಮಟ್ಟಿಗೆ ಸಿಗದ್ದರಿಂದ ಹಣದ ನಷ್ಟವೂ ಸೇರಿತು. 2014ರ ಜುಲೈಯಲ್ಲಿ ತೈಲ ಉದ್ಯಮವನ್ನು ನಿಯಂತ್ರಿಸುವ ರಾಜ್ಯದ ಇಂಡಸ್ಟ್ರಿಯಲ್ ಕಮಿಷನ್ ಆದೇಶ ಹೊರಡಿಸಿತು: ಇಷ್ಟು ಶೇಕಡ ಅನಿಲ ಹಿಡಿಯಲೇಬೇಕು, ಇಲ್ಲದಿದ್ದರೆ ತೈಲದ ಉತ್ಪಾದನೆಯನ್ನೇ ತಗ್ಗಿಸಬೇಕು. ಶೇಕಡ 74ರಿಂದ ಶುರುವಾದ ಗುರಿ 2020ಕ್ಕೆ 91ಕ್ಕೆ ಏರಿತು. ಹೊಸ ಸ್ಥಾವರಗಳು ಎದ್ದವು, ಹಿಡಿಯುವ ಪ್ರಮಾಣವೂ 90 ದಾಟಿತು. ಅಂದರೆ ಆಗದ ಕೆಲಸವೇನೂ ಅದಾಗಿರಲಿಲ್ಲ. ನಿಯಮ ಐದು ವರ್ಷ ಮುಂಚೆ ಬಂದಿದ್ದರೆ ಅಷ್ಟು ಅನಿಲ ಬೂದಿಯೂ ಉಳಿಯದಂತೆ ಹೋಗುತ್ತಿರಲಿಲ್ಲ.

ಆದರೂ ಅನಿಲದ ಗಾಯ ಗಾಳಿಯಲ್ಲಿ. ಉಪ್ಪಿನ ಗಾಯ ಮಣ್ಣಿನಲ್ಲಿ, ಅದು ಬೇಗ ಮಾಯುವುದಿಲ್ಲ. ಪ್ರತಿ ಬ್ಯಾರೆಲ್ ತೈಲದ ಜೊತೆ ಒಂದು ಬ್ಯಾರೆಲ್ ಅಥವಾ ಅದಕ್ಕೂ ಹೆಚ್ಚು ನೀರು ಮೇಲೆ ಬರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪು; ಬಾಕೆನ್ ನೀರಿನಲ್ಲಿ 300 ಗ್ರಾಂ ಮುಟ್ಟುತ್ತದೆ. ಜೊತೆಗೆ ಅಮೋನಿಯಂ, ಸೆಲೆನಿಯಂ, ವಿಕಿರಣ ಸೂಸುವ ರೇಡಿಯಂ. ಈ ನೀರನ್ನು ಸುಮಾರು ಒಂದೂವರೆ ಕಿಲೋಮೀಟರ್ ಆಳದ ಇನ್ಯನ್ ಕಾರಾ ಎಂಬ ಮರಳುಗಲ್ಲಿನ ಪದರಕ್ಕೆ ಬಾವಿಯಲ್ಲಿ ತುಂಬುತ್ತಾರೆ. ವರ್ಷಗಟ್ಟಲೆ ತುಂಬಿ ವಾಟ್‌ಫರ್ಡ್ ಸಿಟಿ ಸುತ್ತ ಆ ಪದರದ ಒತ್ತಡ ಏರಿತು. ಅದರ ಮೂಲಕ ಹೊಸ ತೈಲಬಾವಿ ಕೊರೆಯುವವರು ಇನ್ನೊಂದು ಉಕ್ಕಿನ ಕವಚ ಇಳಿಸಬೇಕಾಯಿತು.

ಬಾವಿಯಿಂದ ತುಂಬುವ ಜಾಗದವರೆಗೆ ನೀರು ಹೋಗುವ ಕೊಳವೆಗಳೇ ದುರ್ಬಲ ಕೊಂಡಿ. ಉಪ್ಪು ಉಕ್ಕನ್ನು ತಿನ್ನುತ್ತದೆಂದು ಪ್ಲಾಸ್ಟಿಕ್, ಫೈಬರ್ ಕೊಳವೆ ಹಾಕುತ್ತಾರೆ. ಅವಸರದಲ್ಲಿ ಕಲ್ಲು ಬೆರೆತ ಮಣ್ಣು ಮುಚ್ಚಿದರೆ, ಹಿಮಕ್ಕೆ ನೆಲ ಉಬ್ಬಿ ಇಳಿದಾಗ ಆ ಕಲ್ಲು ಕೊಳವೆಯನ್ನು ಒತ್ತಿ ಸೀಳುತ್ತದೆ. ಇಲ್ಲವೇ ಕೀಲು ಬಿಡುತ್ತದೆ. ಎರಡೂ ತುದಿಯಲ್ಲಿ ಮೀಟರ್ ಇಟ್ಟು, ಹೋದದ್ದನ್ನೂ ಬಂದದ್ದನ್ನೂ ದಿನವೂ ತಾಳೆ ನೋಡಿದರೆ ಸೋರಿಕೆ ಗೊತ್ತಾಗುತ್ತದೆ. ನೋಡದೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ವಿಲ್ಲಿಸ್ಟನ್ ಹತ್ತಿರದ ಬ್ಲ್ಯಾಕ್‌ಟೇಲ್ ತೊರೆ ಸಾಕ್ಷಿ. 2014ರ ಆಗಸ್ಟ್‌ನಲ್ಲಿ ಶುರುವಾದ ಸೋರಿಕೆ 2015ರ ಜನವರಿವರೆಗೆ ಹರಿಯಿತು, ಸುಮಾರು ಏಳು ಲಕ್ಷ ಬ್ಯಾರೆಲ್. 2021ರಲ್ಲಿ ಸಂಬಂಧಪಟ್ಟ ಕಂಪನಿ ತಪ್ಪೊಪ್ಪಿಕೊಂಡು ದಂಡ ಮತ್ತು ಪರಿಹಾರವಾಗಿ 3.5 ಕೋಟಿ ಡಾಲರ್ ಕೊಡಲು ಒಪ್ಪಿತು. ಡ್ಯೂಕ್ ವಿಶ್ವವಿದ್ಯಾಲಯದ 2016ರ ಅಧ್ಯಯನ 2007ರಿಂದ ಆದ ಇಂಥ ಸುಮಾರು 3900 ಉಪ್ಪುನೀರಿನ ಸೋರಿಕೆಗಳನ್ನು ಲೆಕ್ಕ ಹಾಕಿತು.

ಮಣ್ಣಿಗೆ ಆಗುವುದೇನು? ಸೋಡಿಯಂ ಜೇಡಿಯ ಕಣಗಳಿಗೆ ಅಂಟಿಕೊಂಡು ಅವುಗಳನ್ನು ಬಿಡಿಬಿಡಿಯಾಗಿ ಚದುರಿಸುತ್ತದೆ. ರಂಧ್ರಗಳು ಮುಚ್ಚಿ, ಮೇಲೆ ಗಟ್ಟಿ ಪೊರೆ ಕಟ್ಟಿ, ಮಳೆನೀರು ಇಳಿಯುವುದೇ ಇಲ್ಲ. ಎಣ್ಣೆ ಚೆಲ್ಲಿದರೆ ಸೂಕ್ಷ್ಮಜೀವಿಗಳು ನಿಧಾನವಾಗಿಯಾದರೂ ಅದನ್ನು ಕರಗಿಸುತ್ತವೆ. 2013ರಲ್ಲಿ ಟಿಯೋಗ ಬಳಿಯ ಗೋಧಿ ಹೊಲದಲ್ಲಿ 20,000 ಬ್ಯಾರೆಲ್‌ಗೂ ಹೆಚ್ಚು ತೈಲ ಸೋರಿದಾಗ, ಮಣ್ಣನ್ನು ಅಗೆದು ಕುಲುಮೆಯಲ್ಲಿ ಕಾಯಿಸಿ ಎಣ್ಣೆ ಹಾರಿಸಿ ಮತ್ತೆ ತುಂಬಿದರು. ವರ್ಷಗಳೇ ಹಿಡಿದರೂ ದಾರಿಯಿತ್ತು. ಉಪ್ಪನ್ನು ಯಾವ ಜೀವಿಯೂ ತಿನ್ನುವುದಿಲ್ಲ, ಯಾವ ಬೆಂಕಿಯೂ ಸುಡುವುದಿಲ್ಲ.

ಉಪ್ಪುನೀರು ಚೆಲ್ಲಿದರೆ ಮೊದಲ ಕೆಲಸ ಬದು ಹಾಕಿ ತಡೆದು, ನಿರ್ವಾತ ಲಾರಿಯಲ್ಲಿ ಹೀರಿಸುವುದು. ಗಾಬರಿಯಲ್ಲಿ ಸಿಹಿನೀರು ಹಾಯಿಸಿ ತೊಳೆಯಬಾರದು; ಬೇರೆ ಲವಣಗಳು ಹೋಗಿ ಸೋಡಿಯಂ ಉಳಿದು ಮಣ್ಣು ಇನ್ನೂ ಬೇಗ ಬಿಗಿಯುತ್ತದೆ. ಉಪ್ಪು ಎಷ್ಟಿದೆ ಎಂದು ತಿಳಿಯಲು ಹಲವು ಆಳದಲ್ಲಿ ಮಣ್ಣು ತೆಗೆದು ವಿದ್ಯುತ್ ವಾಹಕತೆ ಅಳೆಯಬೇಕು. ಸೋಡಿಯಂ ಪ್ರಮಾಣವನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಹೋಲಿಸಬೇಕು. ಆಮೇಲೆ ಜಿಪ್ಸಂ ಬೆರೆಸಿದರೆ ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ. ಬಿಡುಗಡೆಯಾದ ಸೋಡಿಯಂ ನೀರಿನ ಜೊತೆ ಬೇರಿನ ಕೆಳಗೆ ಇಳಿಯಬೇಕು, ಅದಕ್ಕೆ ಅಡಿಯಲ್ಲಿ ಬಸಿಗಾಲುವೆ ಬೇಕೇಬೇಕು. ಬಸಿಯದ ಜಮೀನಿಗೆ ಜಿಪ್ಸಂ ಸುರಿದರೆ ಹಣ ಹಾಳು. ಉಪ್ಪು ಬೇಸಿಗೆಯಲ್ಲಿ ಮತ್ತೆ ಮೇಲೇರುತ್ತದೆ.

ರೈಲಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕೊಳವೆ ಮಾರ್ಗ ಸಾಲದೆ ತೈಲವನ್ನು ರೈಲಿಗೆ ತುಂಬಿದರು. ಬೇಗ ಆವಿಯಾಗುವ ಅನಿಲಾಂಶ ಹೆಚ್ಚಿರುವ ತೈಲ ಅದು. 2013ರ ಜುಲೈ 6ರಂದು ಕೆನಡಾದ ಲ್ಯಾಕ್ ಮೆಗಾಂಟಿಕ್ ಊರಿನಲ್ಲಿ ಬಾಕೆನ್ ತೈಲದ ರೈಲು ಹಳಿ ತಪ್ಪಿ ಸ್ಫೋಟಿಸಿ 47 ಜನ ಸತ್ತರು. ಸಾಗಿಸುವ ಮುನ್ನ ಕಾಯಿಸಿ ಆ ಅನಿಲಾಂಶ ತೆಗೆಯಬೇಕೆಂಬ ನಿಯಮ ನಾರ್ತ್ ಡಕೋಟಾದಲ್ಲಿ ಜಾರಿಯಾದದ್ದು 2015ರ ಏಪ್ರಿಲ್‌ನಲ್ಲಿ. ಸ್ಟ್ಯಾಂಡಿಂಗ್ ರಾಕ್ ಬುಡಕಟ್ಟಿನ ಜನ ತಮ್ಮ ಕುಡಿಯುವ ನೀರಿಗಾಗಿ ವಿರೋಧಿಸಿದ, ತೈಲ ಸಾಗಿಸುವ ಡಕೋಟಾ ಆಕ್ಸೆಸ್ ಕೊಳವೆ ಮಾರ್ಗ 2017ರ ಜೂನ್‌ನಲ್ಲಿ ಶುರುವಾಯಿತು.

2012ರ ಮೇ ತಿಂಗಳಲ್ಲಿ 218 ಕೊರೆಯುವ ಯಂತ್ರಗಳು ದುಡಿಯುತ್ತಿದ್ದವು. ಬೆಲೆ ಕುಸಿದ ನಂತರ 2016ರ ಮೇಯಲ್ಲಿ 27. ಇಂಥ ಹೊತ್ತಿನಲ್ಲಿ ಸಣ್ಣ ಕಂಪನಿಗಳು ಬಾಗಿಲು ಹಾಕುತ್ತವೆ, ಬಾವಿಗಳು ಅನಾಥವಾಗುತ್ತವೆ. ಬಾವಿಯನ್ನು ಸರಿಯಾಗಿ ಮುಚ್ಚಬೇಕಾದರೆ ತೈಲದ ಪದರ, ಉಪ್ಪುನೀರಿನ ಪದರ, ಕುಡಿಯುವ ನೀರಿನ ಪದರ ಎಲ್ಲದರ ಮಟ್ಟದಲ್ಲೂ ಸಿಮೆಂಟಿನ ಬಿರಡೆ ಹಾಕಿ, ಕವಚವನ್ನು ನೆಲಮಟ್ಟದ ಕೆಳಗೆ ಕತ್ತರಿಸಿ, ಜಲ್ಲಿ ಎತ್ತಿ, ಮೇಲ್ಮಣ್ಣು ಹಾಸಿ ಹುಲ್ಲು ಬಿತ್ತಬೇಕು. ಒಂದಕ್ಕೆ ಲಕ್ಷ ಡಾಲರ್ ಮೀರುವುದು ಸಾಮಾನ್ಯ. ಒಂದು ಕಂಪನಿಯ ಹತ್ತಾರು ಬಾವಿಗಳಿಗೆ ಒಟ್ಟಾಗಿ ಒಂದೇ ಭದ್ರತಾ ಠೇವಣಿ ಇಟ್ಟರೆ, ಅದು ಒಂದೆರಡು ಬಾವಿ ಮುಚ್ಚುವುದಕ್ಕೂ ಸಾಲದು. ಉಳಿದದ್ದಕ್ಕೆ ಸಾರ್ವಜನಿಕರ ಹಣ.

ಆದ್ದರಿಂದ ಎಲ್ಲೇ ಆಗಲಿ, ಕೊರೆಯುವ ಯಂತ್ರ ಬರುವ ಮುಂಚೆ ಜಮೀನುದಾರರು ತಮ್ಮ ಬಾವಿ ಮತ್ತು ತೊರೆಯ ನೀರನ್ನು ಸ್ವತಂತ್ರ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳಬೇಕು: ಕ್ಲೋರೈಡ್, ಬ್ರೋಮೈಡ್, ಸ್ಟ್ರಾಂಷಿಯಂ, ವಾಹಕತೆ, ಮೀಥೇನ್. ಮೊದಲಿನ ಅಂಕಿ ಕೈಯಲ್ಲಿಲ್ಲದಿದ್ದರೆ, ಆಮೇಲೆ ಬಂದ ಉಪ್ಪು ಮೊದಲೇ ಇತ್ತು ಎಂದು ವಾದಿಸುವುದು ಕಂಪನಿಗೆ ಸುಲಭ. ಒಪ್ಪಂದಕ್ಕೆ ಸಹಿ ಹಾಕುವಾಗ ಮೂರು ಮಾತು ಬರವಣಿಗೆಯಲ್ಲಿ ಇರಲಿ: ಅನಿಲದ ಕೊಳವೆ ಜೋಡಿಸಿದ ಮೇಲೆಯೇ ಬಾವಿ ತೆರೆಯುವುದು, ಉಪ್ಪುನೀರಿನ ಕೊಳವೆಯ ಎರಡೂ ತುದಿಗೆ ಮೀಟರ್, ಮತ್ತು ಮುಚ್ಚುವ ಪೂರ್ತಿ ಖರ್ಚಿನ ಠೇವಣಿ ಬಾವಿಗೊಂದರಂತೆ.

ನಮಸ್ಕಾರ.