ಜೆಸಿಬಿ ಬರುವ ಮೊದಲು ಕೇಳಿ: ಈ ಜಾಗದಲ್ಲಿ ಪಳೆಯುಳಿಕೆ ಇದೆಯಾ?

[ದೃಶ್ಯ: ಜೆಸಿಬಿ ಮಣ್ಣು ಎತ್ತುತ್ತಿದೆ]

ಪಾಯ ತೋಡುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸುತ್ತೀರಿ, ನೀರಿನ ಪೈಪು, ಕರೆಂಟ್ ಕೇಬಲ್ ಎಲ್ಲಿ ಹೋಗಿದೆ ಅಂತ ವಿಚಾರಿಸುತ್ತೀರಿ, ಅಲ್ವಾ? ಆದರೆ ಅಕ್ಕಪಕ್ಕದಲ್ಲಿ ಹಿಂದೆ ಪಳೆಯುಳಿಕೆ ಸಿಕ್ಕಿತ್ತಾ ಅಂತ ಕೇಳುವವರು ಕಡಿಮೆ. ಮೊದಲೇ ಗೊತ್ತಿದ್ದರೆ ಎಷ್ಟು ಅನುಕೂಲ ಅಂತ ಲಾಸ್ ಏಂಜಲೀಸ್‌ನಲ್ಲಿ ನೋಡಿ.

[ದೃಶ್ಯ: ಲಾ ಬ್ರೇಯಾ ಹೊಂಡ]

ಲಾ ಬ್ರೇಯಾದ ಡಾಂಬರಿನ ಹೊಂಡಗಳಲ್ಲಿ ಹಿಮಯುಗದ ಪ್ರಾಣಿಗಳು ಸಿಕ್ಕಿಕೊಂಡು ಸತ್ತಿವೆ ಅಂತ ನೂರು ವರ್ಷದಿಂದ ಗೊತ್ತು. 2006ರಲ್ಲಿ ಪಕ್ಕದ ಕಲಾ ಮ್ಯೂಸಿಯಂ ನೆಲದಡಿ ಪಾರ್ಕಿಂಗ್ ಕಟ್ಟಲು ಅಗೆದಾಗ ತಜ್ಞರು ಅಲ್ಲೇ ನಿಂತು ನೋಡುತ್ತಿದ್ದರು. ಮೂಳೆ ಕಂಡ ಕಡೆ ಒಂದೊಂದಾಗಿ ಕೆರೆಯುತ್ತಾ ಕೂರಲಿಲ್ಲ, ಸುತ್ತ ಮರದ ಪೆಟ್ಟಿಗೆ ಕಟ್ಟಿ ಮಣ್ಣು, ಡಾಂಬರು ಸಮೇತ ಇಡಿಯಾಗಿ ಎತ್ತಿ ಪಕ್ಕಕ್ಕಿಟ್ಟರು. ಒಟ್ಟು 23 ಪೆಟ್ಟಿಗೆ. ಪಾರ್ಕಿಂಗ್ ಕೆಲಸವೂ ನಡೆಯಿತು, ಹೆಚ್ಚೂಕಡಿಮೆ ಪೂರ್ತಿಯಾಗಿದ್ದ ಒಂದು ಮ್ಯಾಮತ್ (ಈಗ ಅಳಿದುಹೋಗಿರುವ ಆನೆ ಜಾತಿಯ ಪ್ರಾಣಿ) ಅಸ್ಥಿಪಂಜರವೂ ಉಳಿಯಿತು. ಎಂಥಾ ಒಳ್ಳೆ ಕೆಲಸ!

[ದೃಶ್ಯ: ಭೂವಿಜ್ಞಾನ ನಕ್ಷೆ]

ನೀವು ಮೊದಲು ತೆರೆಯಬೇಕಾದ್ದು ಈ ನಕ್ಷೆ, ಎಲ್ಲಿ ಯಾವ ಕಲ್ಲು, ಮಣ್ಣು ಇದೆ ಅಂತ ಇದು ತೋರಿಸುತ್ತದೆ. ಕಾದು ಕರಗಿ ಗಟ್ಟಿಯಾದ ಗ್ರಾನೈಟ್‌ನಲ್ಲಿ ಪಳೆಯುಳಿಕೆ ಇರುವುದಿಲ್ಲ. ಸುಣ್ಣದ ಕಲ್ಲು, ಮರಳುಗಲ್ಲು, ಹಳೆ ನದಿ ಕೆರೆಗಳ ಹೂಳು ಇದ್ದರೆ ಹುಷಾರು. ಆಮೇಲೆ ಮ್ಯೂಸಿಯಂಗೋ ಭೂವಿಜ್ಞಾನ ಇಲಾಖೆಗೋ ಬರೆದು ಕೇಳಿ. ಸುಮ್ನೆ ಗೂಗಲ್ ಮಾಡಿದರೆ ಸಾಲದು, ಕಳ್ಳರು ಅಗೆದುಕೊಂಡು ಹೋಗಬಾರದು ಅಂತ ಎಷ್ಟೋ ಕಡೆ ನಿಖರವಾದ ಜಾಗವನ್ನು ಬೇಕಂತಲೇ ಹೊರಗೆ ಹೇಳಿರುವುದಿಲ್ಲ. ಎಷ್ಟು ಆಳ ಅಗೆಯುತ್ತೀರಿ ಅನ್ನುವುದನ್ನೂ ಬರೆಯಿರಿ. ಮೇಲೆ ಎರಡು ಮೀಟರ್ ಹೊಸ ಮಣ್ಣಿದ್ದು ಹಳೆ ಪದರ ಅದರ ಕೆಳಗಿದ್ದರೆ ಕಾಂಪೌಂಡ್ ಗೋಡೆಯಿಂದ ತೊಂದರೆ ಇಲ್ಲ, ನೆಲಮಾಳಿಗೆಯಿಂದ ಇದೆ.

"ದಾಖಲೆ ಇಲ್ಲ" ಅಂತ ಉತ್ತರ ಬಂತಾ? ಅಲ್ಲಿ ಯಾರೂ ಹುಡುಕಿಯೇ ಇಲ್ಲದಿರಬಹುದು. ಅಮೆರಿಕದ ಟೆನೆಸ್ಸೀಯ ಗ್ರೇ ಅನ್ನುವ ಊರಲ್ಲಿ 2000ದಲ್ಲಿ ರಸ್ತೆ ಅಗಲ ಮಾಡುವಾಗ ಕಪ್ಪು ಜೇಡಿಮಣ್ಣು ಎದ್ದಿತು, ಒಳಗೆ ಟೇಪಿರ್‌ಗಳ (ಹಂದಿಯಂತೆ ಕಾಣುವ, ಗಿಡ್ಡ ಸೊಂಡಿಲಿನ ಪ್ರಾಣಿ) ಮೂಳೆಗಳು! ಕೊನೆಗೆ ರಸ್ತೆಯನ್ನೇ ಬೇರೆ ಕಡೆ ತಿರುಗಿಸಬೇಕಾಯಿತು.

ಹಾಗಾಗಿ ದಾಖಲೆ ಇಲ್ಲದಿದ್ದರೂ, ನೆಲದಲ್ಲಿ ಸುಣ್ಣದ ಕಲ್ಲು, ಮರಳುಗಲ್ಲು, ಹಳೆ ಹೂಳು ಇದ್ದರೆ, ಜೆಸಿಬಿ ಓಡಿಸುವವರಿಗೆ ಮೊದಲೇ ಹೇಳಿಡಿ: ಮಣ್ಣಿನ ಬಣ್ಣ ತಟ್ಟನೆ ಬದಲಾದರೆ, ಮುರಿದ "ಕಲ್ಲಿನ" ಒಳಗೆ ಸಣ್ಣ ಸಣ್ಣ ತೂತುಗಳು ಕಂಡರೆ, ಬಕೆಟ್ ನಿಲ್ಲಿಸಿ. ಪಕ್ಕದಲ್ಲಿ ಅಳತೆ ಟೇಪ್ ಇಟ್ಟು ಫೋಟೋ ತೆಗೆಯಿರಿ. ಕೀಳಬೇಡಿ, ಯಾವ ಪದರದಲ್ಲಿತ್ತು ಅನ್ನುವುದು ಕಳೆದುಹೋದರೆ ಅದರ ಕಾಲ ಹೇಳುವುದೇ ಕಷ್ಟ. ಯಾರಿಗೆ ಫೋನ್ ಮಾಡಬೇಕು ಅನ್ನುವ ನಂಬರ್ ಮೊದಲ ದಿನವೇ ಸೈಟ್ ಆಫೀಸಿನ ಗೋಡೆ ಮೇಲೆ ಅಂಟಿಸಿರಲಿ.