ಎಕ್ಸ್‌ಪಿ ಕಂಪ್ಯೂಟರಿನಿಂದ ಫೈಲು ದಾಟಿಸುವ ದಾರಿ

ಕೇಳುಗರಿಗೆ ನಮಸ್ಕಾರ. ಗದಗ-ಬೆಟಗೇರಿಯ ಮುದ್ರಣಾಲಯಗಳಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರು ಇವತ್ತಿಗೂ ಕಣ್ಣಿಗೆ ಬೀಳುತ್ತದೆ. ಅದನ್ನು ತೆಗೆದು ಹಾಕಿ ಎನ್ನುವುದು ಸುಲಭ. ಆದರೆ ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ ಕೂಡಿಸಿದ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಮಠದ ಪುಸ್ತಕ ಎಲ್ಲ ಇರುವುದು ಅದರಲ್ಲೇ. ಅಕ್ಷರಗಳೂ ಯುನಿಕೋಡ್‌ಗಿಂತ, ಅಂದರೆ ಈಗ ಎಲ್ಲೆಡೆ ನಡೆಯುವ ಅಕ್ಷರ ಸಂಕೇತ ಪದ್ಧತಿಗಿಂತ, ಹಿಂದಿನ ಫಾಂಟಿನವು. ಆ ಫಾಂಟ್ ಇಲ್ಲದ ಕಡೆ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಬರೀ ಚಿಹ್ನೆಗಳು ಕಾಣುತ್ತವೆ. ಯಂತ್ರ ಇರಲಿ. ಪಕ್ಕದ ಮೇಜಿನ ವಿಂಡೋಸ್ 11ಕ್ಕೆ ಅದರ ಫೈಲು ಹೇಗೆ ಕಳಿಸುವುದು, ಅದನ್ನು ನೋಡೋಣ.

ಸಾಮಾನ್ಯವಾಗಿ ಎಲ್ಲರೂ ಮಾಡುವುದು ಫೋಲ್ಡರ್ ಶೇರಿಂಗ್. ಅದು ನಡೆಯುವುದು ಎಸ್‌ಎಂಬಿ ಎಂಬ ವಿಧಾನದಿಂದ; ಎಕ್ಸ್‌ಪಿಗೆ ಬರುವುದು ಎಸ್‌ಎಂಬಿಯ ಒಂದನೇ ಆವೃತ್ತಿ ಮಾತ್ರ. 2017ರ ಕೊನೆಯಿಂದ ಬಂದ ಹೊಸ ವಿಂಡೋಸ್‌ಗಳಲ್ಲಿ ಅದನ್ನು ಮೊದಲಿಗೇ ಹಾಕಿ ಕೊಡುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಟಿಕ್ ಹಾಕಿದರೆ ಫೈಲು ಹೋಗುತ್ತದೆ, ಖರೆ. ಆದರೆ 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ತುಂಬ ಹಬ್ಬಿದ್ದು ಇದೇ ಆವೃತ್ತಿಯ ದೋಷದಿಂದ. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿತ್ತು, ಆದರೂ ಮೈಕ್ರೋಸಾಫ್ಟ್ ಅದಕ್ಕೆ ದೋಷ ಮುಚ್ಚುವ ತುರ್ತು ಪ್ಯಾಚ್ ಬಿಡಬೇಕಾಯಿತು. ಹಳೆಯದರ ಸಲುವಾಗಿ ಹೊಸದರ ಬಾಗಿಲ ಚಿಲಕ ತೆಗೆಯುವುದನ್ನು ನಾನು ಒಪ್ಪುವುದಿಲ್ಲ.

ಫೈಲು ಕಳಿಸುವ ಇನ್ನೊಂದು ಹಳೆಯ ವಿಧಾನ ಎಫ್‌ಟಿಪಿ ಸರಳವೇನೋ ಹೌದು, ಆದರೆ ಪಾಸ್‌ವರ್ಡ್ ಬಯಲಾಗಿಯೇ ಹೋಗುತ್ತದೆ. ಅದು ಬೇಡ.

ನಾನು ಹೇಳುವುದು ಎಸ್‌ಎಫ್‌ಟಿಪಿ. ಇದರಲ್ಲಿ ಪಾಸ್‌ವರ್ಡೂ ಫೈಲೂ ಗೂಢಲಿಪಿಯಲ್ಲಿ ಹೋಗುತ್ತವೆ. ವಿಂಡೋಸ್ 11ರಲ್ಲಿ ಇದನ್ನು ನಡೆಸುವ ಓಪನ್‌ಎಸ್‌ಎಸ್‌ಎಚ್ ಸರ್ವರ್ ಐಚ್ಛಿಕ ಸೌಲಭ್ಯವಾಗಿ ಸಿಗುತ್ತದೆ, ಹಣ ಕೊಡಬೇಕಿಲ್ಲ. ಅದನ್ನು ಹಾಕಿಕೊಂಡು, ಅಡ್ಮಿನ್ ಅಲ್ಲದ ಬೇರೆ ಖಾತೆಯೊಂದನ್ನು ತೆರೆಯಿರಿ. ಫೈಲು ಕಳಿಸಲು ಎಕ್ಸ್‌ಪಿಯಲ್ಲಿ ವಿನ್‌ಎಸ್‌ಸಿಪಿ ಎಂಬ ತಂತ್ರಾಂಶದ ಐದನೇ ಸರಣಿ ಓಡುತ್ತದೆ. ಅದನ್ನು ಹೊಸ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತನ್ನಿ. ಅದನ್ನು ತೆರೆದು ಆ ಖಾತೆಯ ಹೆಸರಿನಿಂದ ಹೊಸ ಯಂತ್ರಕ್ಕೆ ಸೇರಿ. ಎಡಕ್ಕೆ ನಮ್ಮ ಫೈಲು, ಬಲಕ್ಕೆ ಆಚೆಯ ಫೋಲ್ಡರು. ಎಳೆದು ಬಿಟ್ಟರಾಯಿತು.

ಇದರಲ್ಲಿ ನನಗೆ ಮುಖ್ಯವಾಗಿ ಹಿಡಿಸಿದ್ದು ಒಂದು: ಸಂಪರ್ಕ ಕೇಳುವುದೂ ಫೈಲು ಕಳಿಸುವುದೂ ಹಳೆಯ ಯಂತ್ರವೇ, ಅದರೊಳಗೆ ಹೊರಗಿನವರು ಯಾರೂ ಬರಬೇಕಿಲ್ಲ. ಆದ್ದರಿಂದ ಎಕ್ಸ್‌ಪಿಯಲ್ಲಿ ಶೇರಿಂಗ್ ಪೂರ್ತಿ ಬಂದ್ ಮಾಡಿ. ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್‌ನಲ್ಲಿ ಯಾವ ವಿನಾಯಿತಿಯೂ ಬೇಡ ಎಂಬಲ್ಲಿ ಟಿಕ್ ಹಾಕಿ. ಐಪಿ ವಿಳಾಸವನ್ನು ಕೈಯಿಂದಲೇ ತುಂಬಿ, ಹೊರಗಿನ ಜಾಲಕ್ಕೆ ದಾರಿ ತೋರಿಸುವ ಗೇಟ್‌ವೇ ಜಾಗ ಖಾಲಿ ಬಿಡಿ. ಆಗ ಅದು ಪಕ್ಕದ ಮೇಜಿನ ತನಕ ಹೋಗುತ್ತದೆ, ಇಂಟರ್‌ನೆಟ್‌ಗೆ ಹೋಗುವುದಿಲ್ಲ. ಇತ್ತ ರೂಟರ್‌ನಲ್ಲಿ ಎಸ್‌ಎಫ್‌ಟಿಪಿ ಬಳಸುವ 22ನೇ ಪೋರ್ಟನ್ನು ಹೊರಗಿನವರಿಗೆ ತೆರೆಯಲೇಬೇಡಿ.

ಪೇಜ್‌ಮೇಕರ್ ಫೈಲು ಕಳಿಸುವಾಗ ಫಾಂಟುಗಳನ್ನೂ ಅದೇ ಫೋಲ್ಡರಿಗೆ ಹಾಕಿ. ಅಚ್ಚಿಗೆ ಹೋಗುವ ಪ್ರತಿಯನ್ನು ಎಕ್ಸ್‌ಪಿಯಲ್ಲೇ ಫಾಂಟ್ ಸಮೇತ ಪಿಡಿಎಫ್ ಮಾಡಿ, ಒಂದು ಪುಟ ತೆಗೆದು ಒತ್ತಕ್ಷರ ನೋಡಿಕೊಂಡು ಕಳಿಸಿ. ನಮಸ್ಕಾರ.